ರವಕೆಯ ಹುಕ್ಕು

"ಜೆರ್ಟ್ರೂಡ್ ಬಾಯೀ, ನೂಲನ್ನು ಹಲ್ಲಲ್ಲಿ ಕಚ್ಚಬೇಡಿ ಆಯ್ತಾ? ಎಂಜಲಾಗ್ತದೆ. ಇದು ಪೂಜೆಗೆ ಉಡುವ ಸೀರೆಯ ರವಕೆ," ಎಂದು ಮೋಹಿನಿ ಟೀಚರು ಕುರ್ಚಿಯಲ್ಲಿ ಕೂತ ಕೂಡಲೇ ನೆನಪಿಸಿದರು.

ಮೊಗ್ರಾಲಿನಲ್ಲಿ ಹೊಲಿಗೆ ಮೆಷಿನಿಗೆ ಕೂತು ಹದಿನಾಲ್ಕು ವರ್ಷವಾದ ಜೆರ್ಟ್ರೂಡಳಿಗೆ ಇದನ್ನು ಹೇಳಿಕೊಡಬೇಕೆ? ಬಟ್ಟೆಯ ಕತ್ತರಿಯನ್ನು ಅವಳು ನೂಲಿಗೆ ಮುಟ್ಟಿಸುವವಳೇ ಅಲ್ಲ, ಹರಿತ ಹೋಗುತ್ತದೆ. ಊರವರ ನೂಲೆಲ್ಲ ಅವಳ ಹಲ್ಲಿಗೆ, ಟೀಚರದ್ದು ಮಾತ್ರ ಬ್ಲೇಡಿಗೆ. ಹುಕ್ಕು ಹೊಲಿಯುತ್ತಿದ್ದ ಒಂಬತ್ತು ವರ್ಷದ ಮಗಳು ಲೂರ್ಡ್ಸಳ ಪಕ್ಕಕ್ಕೆ ಆ ಬ್ಲೇಡನ್ನು ಸರಿಸಿದಳು.

"ಇನ್ನೂ ಉಂಟಾ ಇವಳ ಬಾಯೊಳಗೆ ಆ ತಂತಿ?" ಟೀಚರು ಕೇಳಿದರು. "ಬೆರಳು ಚೀಪುವ ಮಕ್ಕಳು ಊರಲ್ಲಿ ಎಷ್ಟಿಲ್ಲ! ದೊಡ್ಡವಳಾಗುವಾಗ ಹಲ್ಲು ತನ್ನಷ್ಟಕ್ಕೇ ಸರಿಯಾಗ್ತದೆ. ನೀವೊಬ್ರು, ತಿಂಗಳು ತಿಂಗಳು ಮಂಗಳೂರಿನ ಬಸ್ಸು ಹತ್ತಿಕೊಂಡು!"

ಎಂಟು ತಿಂಗಳ ಹಿಂದೆ ಮಗಳು ಎಷ್ಟು ಬಿಗಿಯಾಗಿ ಬಾಯಿ ಮುಚ್ಚಿದರೂ ಮುಂದಿನ ಮೇಲ್ಹಲ್ಲು ಕೆಳಹಲ್ಲುಗಳ ನಡುವೆ ಕಿರುಬೆರಳು ತೂರುತ್ತಿತ್ತು. ಈಗ ಬಿಟ್ಟರೆ ದವಡೆ ಹಾಗೆಯೇ ಬೆಳೆದುಬಿಡುತ್ತದೆ ಎಂದು ಮಂಗಳೂರಿನ ಡಾಕ್ಟರರು ಚೀಪುವ ಬೆರಳಿಗೆ ಅಡ್ಡವಾಗುವ ತಂತಿಯ ಪ್ಲೇಟು ಹಾಕಿಸಿದ್ದರು. "ಮುಂದಿನ ಹಲ್ಲಲ್ಲಿ ನೂಲು ತುಂಡಾದ ದಿನ ನಾವು ಗೆದ್ದ ಹಾಗೆ," ಎಂದಿದ್ದರು. ಶಾಲೆಯಲ್ಲಿ ಮಕ್ಕಳು 'ತಂತಿಬಾಯಿ' ಎಂದು ಗೇಲಿ ಮಾಡಿದರೂ ಹುಡುಗಿ ಪ್ಲೇಟು ತೆಗೆದವಳಲ್ಲ. ಶನಿವಾರ ಬಂದರೆ ತಾಯಿ ಬಾಗಿಲು ಹಾಕಿಕೊಂಡು ಅವಳ ಬಾಯಿಗೆ ನೂಲು ಕೊಡುತ್ತಿದ್ದಳು. ಅದು ಒದ್ದೆಯಾಗಿ, ಇಡಿಯಾಗಿ ಹೊರಗೆ ಬರುತ್ತಿತ್ತು. ಕಳೆದೆರಡು ಶನಿವಾರ ನೂಲು ಕೊಡುವ ಧೈರ್ಯವೇ ಆಗಿರಲಿಲ್ಲ.

ಲೂರ್ಡ್ಸ್ ಟೀಚರನ್ನೊಮ್ಮೆ ನೋಡಿದಳು. ಪ್ಲೇಟು ತೆಗೆದು ಡಬ್ಬಿಯಲ್ಲಿಟ್ಟಳು. ಬ್ಲೇಡನ್ನು ಆಚೆ ತಳ್ಳಿ ರವಕೆಯ ಮೇಲೆ ಬಗ್ಗಿದಳು.

"ಏ, ಬೇಡ ಮಗಾ, ಬೇಡ!" ಜೆರ್ಟ್ರೂಡ್ ಕೂಗಿಯೇ ಬಿಟ್ಟಳು. ರವಕೆಯ ಚಿಂತೆ ಯಾರಿಗೆ! ಟೀಚರ ಕಣ್ಣೆದುರೇ ಮಗಳು ಸೋಲುತ್ತಾಳಲ್ಲ ಎಂದು ಅವಳ ಜೀವ ಬಾಯಿಗೆ ಬಂದಿತ್ತು.

ಟಕ್.

ಲೂರ್ಡ್ಸ್ ತಲೆ ಎತ್ತಿದಳು. ತುಟಿಯ ಮೇಲೆ ನೂಲಿನ ಚೂರೊಂದು ಅಂಟಿಕೊಂಡಿತ್ತು.

"ಮಾಯ್, ತುಂಡಾಯ್ತು!"

"ಅಯ್ಯೋ ನನ್ನ ಬಂಗಾರವೇ!" ಜೆರ್ಟ್ರೂಡ್ ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಹಲ್ಲುಗಳ ನಡುವೆ ಕಿರುಬೆರಳು ಇಟ್ಟು ನೋಡಿದಳು; ತೂರಲಿಲ್ಲ. ನಗು, ಅಳು ಒಟ್ಟೊಟ್ಟಿಗೇ ಉಕ್ಕಿತು. ಮೆಷಿನು, ಕುರ್ಚಿ, ಕೂತ ಗಿರಾಕಿ ಎಲ್ಲ ಮರೆತು ಮಗಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಆಮೇಲೆ ರವಕೆಯ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತು ಟೀಚರೇ. ಈಗಲೇ ತೊಳೆದು ಇಸ್ತ್ರಿ ಹಾಕಿ ಕೊಡ್ತೇನೆ."

ಮೋಹಿನಿ ಟೀಚರು ಎದ್ದು ಬಂದರು. ರವಕೆಯನ್ನು ಎತ್ತಿ ಒದ್ದೆಯಾಗಿದ್ದ ನೂಲಿನ ತುದಿಯನ್ನು ನೋಡಿದರು, ಹುಡುಗಿಯ ಹಲ್ಲು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ರವಕೆಯನ್ನು ಲೂರ್ಡ್ಸಳ ಕೈಗೇ ವಾಪಸು ಕೊಟ್ಟರು.

"ಇನ್ನೊಂದು ಹುಕ್ಕು ಬಾಕಿ ಉಂಟಲ್ಲ ಮಗಾ? ಅದರ ನೂಲನ್ನೂ ಕಚ್ಚು. ಆಗ ತುಂಡಾದದ್ದು ನನಗೆ ಸರಿಯಾಗಿ ಕಾಣಲಿಲ್ಲ."