ಏಳು ಮಿಲಿಮೀಟರ್ ಜೇಬು

"ಹಲ್ಲಿಗೂ ವಸಡಿಗೂ ಮಧ್ಯೆ ಏಳು ಮಿಲಿಮೀಟರ್ ಪಾಕೆಟ್ ಆಗಿದೆ," ಎಂದು ಡಾಕ್ಟರಮ್ಮ ಅಳತೆಯ ಕಡ್ಡಿಯನ್ನು ದರ್ಜಿಯ ಬಾಯಿಂದ ಹೊರತೆಗೆದರು. ಕುರ್ಚಿಯಲ್ಲಿ ಒರಗಿಯೂ ಕಾಲು ಕುಣಿಸುತ್ತಿದ್ದ ದರ್ಜಿಗೆ ಅವರ ಕೋಟಿನ ತೋಳಿಂದ ಜೋತಾಡುತ್ತಿದ್ದ ದಾರ ಆಗಿನಿಂದ ಕಣ್ಣು ಚುಚ್ಚುತ್ತಿತ್ತು.

"ಅಷ್ಟು ಚಿಕ್ಕ ಪಾಕೆಟ್ಟಲ್ಲಿ ಏನು ಹಿಡಿಯುತ್ತೆ ಡಾಕ್ಟ್ರೇ? ಒಂದು ಗುಂಡಿ ಕೂಡ ಹೋಗಲ್ಲ."

"ಕೊಳೆ ಹಿಡಿಯುತ್ತೆ. ಹಲ್ಲು ಅಲ್ಲಾಡ್ತಿರೋದು ಅದಕ್ಕೇ. ಆ ಕಡೆ ಉಜ್ಜೋದೇ ಬಿಟ್ಟಿದ್ದೀರಲ್ವಾ?"

"ರಕ್ತ ಬರ್ತಿತ್ತು. ಮಾಯಲಿ ಅಂತ ಆರು ತಿಂಗಳಿಂದ ಮುಟ್ಟೇ ಇಲ್ಲ."

"ಮುಟ್ಟದೆ ಬಿಟ್ಟಿದ್ದಕ್ಕೇ ಇಷ್ಟಾಗಿರೋದು."

ಕಾಲು ತಟ್ಟನೆ ನಿಂತಿತು. ಹಳೆಯ ಪ್ಯಾಂಟು ರಿಪೇರಿಗೆ ಬಂದರೆ ಅವನು ಮೊದಲು ಜೇಬನ್ನು ಹೊರಮಗುಚಿ ನೋಡುತ್ತಿದ್ದ. ಎಷ್ಟು ಒಗೆದರೂ ಹೋಗದ ಕಸ ಮೂಲೆಯಲ್ಲಿ ಗಟ್ಟಿಯಾಗಿ ಕೂತು ಹೊಲಿಗೆಯನ್ನೇ ತಿಂದಿರುತ್ತಿತ್ತು. "ತಳದಿಂದ ಕ್ಲೀನ್ ಮಾಡ್ಬಿಡಿ. ಆಮೇಲೆ ದಿನಾ ಉಜ್ಜೋದು ನನ್ನ ಕೆಲಸ," ಎಂದ ಮೆಲ್ಲಗೆ.

ಸೂಜಿಮದ್ದು ತರಲು ಡಾಕ್ಟರಮ್ಮ ತಿರುಗಿದಾಗ ಆ ದಾರ ಮತ್ತೆ ಅವನ ಮೂಗಿನ ಮುಂದೆಯೇ ಹಾದುಹೋಯಿತು. ಕೈ ಕೇಳಲಿಲ್ಲ. ದಾರ ಹಿಡಿದು, ಮೂವತ್ತು ವರ್ಷದ ಅಭ್ಯಾಸದಂತೆ ಹಲ್ಲಲ್ಲಿ ಕಚ್ಚಿ ತುಂಡರಿಸಲು ಬಗ್ಗಿದ. ಡಾಕ್ಟರಮ್ಮ ಬೆಚ್ಚಿ ತೋಳು ಹಿಂದೆಳೆಯುವ ಮೊದಲೇ ಅವನು ಬಾಯಿ ಮುಚ್ಚಿಕೊಂಡ.

"ಒಂದು ಕತ್ತರಿ ಇದ್ರೆ ಕೊಡಿ ಡಾಕ್ಟ್ರೇ."