ಬಾಡಿಗೆ ತಂಪು

ಆ ಬೇಸಿಗೆಯಲ್ಲಿ ಹೆಣ ಇಡುವ ಫ್ರೀಜರ್ ಪೆಟ್ಟಿಗೆಗೆ ಬಿಡುವೇ ಇರಲಿಲ್ಲ. ಅದನ್ನು ಬಾಡಿಗೆಗೆ ಕೊಡುವ ಮೌನೇಶ ಇನ್ನೊಂದು ತಗಡಿನ ಮನೆಗೆ ತಂದಿಳಿಸಿ, ಬಾಗಿಲ ಹೊರಗೆ ಜನರೇಟರ್ ಚಾಲೂ ಮಾಡಿದ. ಕಪ್ಪು ಹೊಗೆ ಎದ್ದಿತು.

"ಇಂಥಾ ಹೊಗಿಯೊಳಗಿನ ಗ್ಯಾಸ್ ಭೂಮಿಗೆ ಕಂಬಳಿ ಹೊಚ್ಚಿದಂಗ ಆಗೇತಂತ. ಅದಕ್ಕ ಇಷ್ಟು ಧಗಿ ಅಂತ ನಮ್ಮ ಟೀಚರ್ ಹೇಳ್ಯಾರ," ಎಂದಳು ಆ ಮನೆಯ ಹುಡುಗಿ.

"ಖರೇನ ಇರಬೇಕವ್ವಾ. ಆದ್ರ ಕರೆಂಟಿಲ್ಲ, ಇದು ಇಲ್ಲಂದ್ರ ಪೆಟ್ಟಿಗಿ ತಂಪಾಗಂಗಿಲ್ಲ."

ಪೆಟ್ಟಿಗೆಯ ಗಾಜು ಮಬ್ಬಾಯಿತು. ಮೌನೇಶ ಹುಡುಗಿಯ ತಾಯಿಯತ್ತ ತಿರುಗಿ ಮೆಲ್ಲಗೆ ಕೇಳಿದ: "ಅಕ್ಕಾ, ತೀರಿಕೊಂಡವ್ರು ಎಲ್ಲದಾರ್ರೀ?"

ಅವಳು ತಲೆ ತಗ್ಗಿಸಿದಳು. ಮೂಲೆಯ ಹೊರಸಿನ ಮೇಲಿದ್ದ ಮುದುಕ ಬೆವರೊರೆಸುತ್ತ ಎದ್ದು ಕುಳಿತ.

"ನಾನೇ ಮಲಗಾಂವ, ತಮ್ಮಾ. ಮುಚ್ಚಳ ಒಂಚೂರು ತೆರೆದಿಡು, ಉಸಿರಾಡಬೇಕಲ್ಲ."