ಸಾಹೇಬರು ಚಾಚಿದ ಕೈ

ದಣಿದವರ ಅಂಗೈ ತಾಗಿದರೆ ಸಾಕು, ಅವರ ದಣಿವೆಲ್ಲ ಎದುರಿನವರ ಮೈಗೆ ಇಳಿದುಬಿಡುವ ಕಾಲವದು. ಆಫೀಸಿನಲ್ಲಿ ಕೈಕುಲುಕುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಹಾಗಾಗಿ ಮ್ಯಾನೇಜರ್ ಮಲ್ಲಿನಾಥಯ್ಯನವರು ಕೈ ಚಾಚಿದಾಗ ಶಶಿರೇಖಾ ಎದ್ದು ನಿಂತಳೇ ಹೊರತು ಕೈ ಮುಂದೆ ಮಾಡಲಿಲ್ಲ.

"ನಿಮ್ಗೆ ಪ್ರಮೋಷನ್ ಬಂದಿದೆ ಕಣಮ್ಮ. ಖುಷಿಗೆ ಕೈ ಕೊಡ್ತಿದೀನಿ, ಅಷ್ಟೆ."

ಇಷ್ಟು ದಿನ ಇಲ್ಲದ ಪ್ರೀತಿ ಈ ಮನುಷ್ಯನಿಗೆ ಇವತ್ತೇಕೆ ಉಕ್ಕಿತು? ಕಳೆದ ಸಲ ಬಡ್ತಿ ಸಿಕ್ಕಿದ ನಾಗಭೂಷಣ ಇದೇ ಕೈ ಹಿಡಿದಿದ್ದ. ಈಗ ಅವನು ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಾನೆ.

"ಥ್ಯಾಂಕ್ಸ್ ಸರ್," ಎಂದು ಅವಳು ನಿಂತಲ್ಲಿಂದಲೇ ಕೈಮುಗಿದಳು.

ಹೊಸ ಹುದ್ದೆಯ ಕೆಲಸವನ್ನೂ ಅಂದೇ ಮೈಮೇಲೆ ಹಾಕಿಕೊಂಡು, ಕಣ್ಣು ಕತ್ತಲೆ ಬರುವಷ್ಟು ಸುಸ್ತಾಗಿ ಮನೆ ಸೇರಿದಳು. ಮಗಳು ಇಂಚರ ಬಾಗಿಲು ತೆಗೆದಳು. ಶಶಿರೇಖಾ ಎಂದಿನಂತೆ ಅವಳ ಕೆನ್ನೆ ಸವರಲು ಕೈ ನೀಡಿದಳು. ದಿನವೂ ಹಾಗೆ ಸವರಿದ ಕೂಡಲೇ ಮೈ ಹಗುರಾಗುತ್ತಿತ್ತು. ಮಗಳ ಮುಖ ನೋಡಿದ ಸಂತೋಷಕ್ಕೆ ಹಾಗಾಗುತ್ತದೆ ಎಂದೇ ಅವಳು ನಂಬಿದ್ದಳು.

ಇಂಚರ ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದಳು.

"ಇವತ್ತೊಂದಿನ ಬೇಡಮ್ಮ. ನಾಳೆ ಪರೀಕ್ಷೆ ಇದೆ."